ಚಿತ್ರ ಬದಲಾಗಲಿ, ದನಿ ಹಾಗೇ ಇರಲಿ

ಅಜ್ಜಿಯನ್ನು ಕೂರಿಸಿಕೊಂಡು ಊರಿನ ಹಳೇ ಕಥೆಗಳನ್ನೆಲ್ಲ ಮೊಬೈಲ್‌ನಲ್ಲಿ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿರುತ್ತೀರಿ. ಆಮೇಲೆ ನೋಡಿದರೆ ನಾಲ್ಕನೇ ನಿಮಿಷದಲ್ಲಿ ಫೋನ್ ವಾಲಿದೆ, ಏಳನೇ ನಿಮಿಷದಲ್ಲಿ ಯಾರೋ ಅಡ್ಡ ಬಂದಿದ್ದಾರೆ, ಅಲ್ಲಿಂದಾಚೆ ಚಿತ್ರವೇ ಮಸುಕು. ಮಾತು ಮಾತ್ರ ಚೆನ್ನಾಗಿ ಕೇಳಿಸುತ್ತೆ. ಕೆಟ್ಟ ಭಾಗ ಕತ್ತರಿಸಿದರೆ ಮಾತೂ ಹೋಗುತ್ತೆ. ಮತ್ತೆ ಹೇಳಿಸಿದರೆ ಅದೇ ಮಾತು ಅದೇ ರೀತಿ ಬರೋದಿಲ್ಲ.

ಇದಕ್ಕೆ ಪರಿಹಾರ ಸುಲಭ. ಚಿತ್ರ ಬದಲಿಸಿ, ದನಿ ಮುಟ್ಟಬೇಡಿ. ಅಜ್ಜಿ ಮಾತಾಡುತ್ತಿರುವಾಗಲೇ ತೆರೆಯ ಮೇಲೆ ಹಳೇ ಮನೆ, ಕಣಜ, ಮದುವೆಯ ಫೋಟೊ, ಅವರ ಕೈಗಳು ಬರಲಿ. ಟಿವಿಯವರು ಇಂಥ ಶಾಟ್‌ಗೆ ಕಟ್‌ಅವೇ ಅಂತಾರೆ, ಇದಕ್ಕಾಗಿ ತೆಗೆದಿಟ್ಟ ದೃಶ್ಯಗಳಿಗೆ ಬಿ-ರೋಲ್ ಅಂತಾರೆ. ಈಗ ಈ ಕೆಲಸವನ್ನು ಫೋನಿನಲ್ಲೇ ಯಾರು ಬೇಕಾದರೂ ಮಾಡಬಹುದು. ಆದರೆ ಇನ್ನೊಬ್ಬರ ಮಾತನ್ನು ಗೊತ್ತಾಗದಂತೆ ತಿರುಚೋಕೂ ಇದೇ ವಿಧಾನ ಬಳಕೆಯಾಗುತ್ತೆ. ಹಾಗಾಗಿ ವಿಡಿಯೊ ಮಾಡುವವರಿಗಷ್ಟೇ ಅಲ್ಲ, ನೋಡುವವರಿಗೂ ಇದು ಗೊತ್ತಿರಬೇಕು.

ಕತ್ತರಿಸಬೇಡಿ, ಮುಚ್ಚಿ

ನಾವು ವಿಡಿಯೊ ಅಂತ ಕರೆಯುವುದು ನಿಜಕ್ಕೂ ಎರಡು ಬೇರೆ ಬೇರೆ ವಸ್ತು. ಒಂದು, ಸೆಕೆಂಡಿಗೆ 25 ಅಥವಾ 30ರಂತೆ ಓಡುವ ಸ್ಥಿರಚಿತ್ರಗಳ ಸಾಲು. ಇನ್ನೊಂದು, ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ ಅಳೆದು ದಾಖಲಿಸಿದ ದನಿ. ಎರಡೂ ಒಂದೇ ಫೈಲ್‌ನೊಳಗೆ ಜೊತೆಗಿರುತ್ತವೆ ಅಷ್ಟೇ, ಅಂಟಿಕೊಂಡಿರೋದಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್‌ನಲ್ಲಿ ಅವು ಎರಡು ಸಾಲಾಗಿ ಕಾಣುತ್ತವೆ.

ಹೊಸಬರು ಎಡವೋದು ಇಲ್ಲೇ. ಹೊಸ ಶಾಟನ್ನು ಮೂಲ ಕ್ಲಿಪ್‌ನ ಮಧ್ಯೆ ತುರುಕಿದರೆ ಅಲ್ಲಿಂದ ಮುಂದಿನದೆಲ್ಲ ಬಲಕ್ಕೆ ಸರಿಯುತ್ತೆ, ಮಾತು ಅರ್ಧಕ್ಕೆ ನಿಲ್ಲುತ್ತೆ. ಮೂಲದ ಮೇಲೇ ಬರೆದರೆ, ಅಂದರೆ ಓವರ್‌ರೈಟ್ ಮಾಡಿದರೆ, ಹೊಸ ಶಾಟ್‌ನ ಜೊತೆ ಅದರ ದನಿಯೂ ಬಂದು ಅಜ್ಜಿಯ ಮಾತನ್ನು ಅಳಿಸಿಬಿಡಬಹುದು.

ಸುರಕ್ಷಿತ ದಾರಿ ಹೀಗಿದೆ. ಮೂಲ ಸಂದರ್ಶನವನ್ನು ಪೂರ್ತಿಯಾಗಿ ಕೆಳಗಿನ ಟ್ರ್ಯಾಕ್‌ನಲ್ಲಿ ಹಾಕಿ, ಅದರ ಆಡಿಯೊ ಟ್ರ್ಯಾಕನ್ನು ಲಾಕ್ ಮಾಡಿ. ಹೊಸ ಶಾಟನ್ನು ಅದರ ಮೇಲಿನ ಟ್ರ್ಯಾಕ್‌ನಲ್ಲಿಟ್ಟು, ಆ ಶಾಟ್‌ನ ದನಿ ಮ್ಯೂಟ್ ಮಾಡಿ. ಮೇಲಿನ ಟ್ರ್ಯಾಕ್‌ನ ಚಿತ್ರ ಕೆಳಗಿನದನ್ನು ಮುಚ್ಚುತ್ತೆ, ಕೆಳಗಿನ ದನಿ ಮಾತ್ರ ಎಂದಿನಂತೆ ಸಾಗುತ್ತೆ. ಇಷ್ಟವಾಗಲಿಲ್ವಾ? ಮೇಲಿನ ಶಾಟ್ ತೆಗೆದುಹಾಕಿ, ಅಡಿಯಲ್ಲಿ ಮೂಲ ಹಾಗೇ ಇರುತ್ತೆ.

ಐಮೂವಿಯಲ್ಲಿ ಒಂದು ಕ್ಲಿಪ್‌ನ ಮೇಲೆ ಇನ್ನೊಂದನ್ನು ಎಳೆದು ಬಿಟ್ಟರೆ ಅದು ಕಟ್‌ಅವೇ ಆಗುತ್ತೆ. ಕೈನ್‌ಮಾಸ್ಟರ್‌ನಲ್ಲಿ ಲೇಯರ್ ಆಗಿ ಸೇರಿಸಬೇಕು, ಇನ್‌ಶಾಟ್‌ನಲ್ಲಿ ಪಿಐಪಿ ಅನ್ನೋ ಬಟನ್ ಇದೆ. ಲೇಯರನ್ನು ತೆರೆ ತುಂಬುವಷ್ಟು ದೊಡ್ಡದು ಮಾಡೋದನ್ನು ಮರೆಯಬೇಡಿ. ಕಂಪ್ಯೂಟರ್‌ನಲ್ಲಾದರೆ ಶಾಟ್‌ಕಟ್, ಕೆಡೆನ್‌ಲೈವ್ ಮತ್ತು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಎಲ್ಲದರಲ್ಲೂ ಬೇಕಾದಷ್ಟು ಟ್ರ್ಯಾಕ್ ಸಿಗುತ್ತವೆ.

ಎಷ್ಟು ಹೊತ್ತು ಮುಚ್ಚಬೇಕು? ವಾಕ್ಯದ ಮಧ್ಯೆ ಚಿತ್ರ ಬದಲಿಸಿ, ಮುಖ್ಯವಾದ ಮಾತು ಬಂದಾಗ ಮುಖಕ್ಕೆ ವಾಪಸ್ ಬನ್ನಿ. ಗಂಟಲು ಕಟ್ಟಿದ ಕ್ಷಣದಲ್ಲಿ ಕಣಜ ತೋರಿಸಿದರೆ ಏನು ಪ್ರಯೋಜನ? ಆ ಹೊತ್ತಿನ ಚಿತ್ರ ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ, ಮುಖವೇ ಇರಲಿ.

ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ

ಚಿತ್ರ ಮುಚ್ಚಿರುವಷ್ಟು ಹೊತ್ತು ತುಟಿ ಕಾಣೋದಿಲ್ಲ. ಮುಖ ವಾಪಸ್ ಬಂದಾಗ ಮಾತು ಮುಂದೋಡಿದ್ದರೆ ಥಟ್ಟನೆ ಗೊತ್ತಾಗುತ್ತೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ದನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಿದ್ದರೆ ನೋಡುಗರು ಗುರುತಿಸುತ್ತಾರೆ. ಹಿಂದೆ ಬಿದ್ದರೆ ಮಾತ್ರ ಸುಮಾರು 125 ಮಿಲಿಸೆಕೆಂಡ್‌ವರೆಗೆ ಗೊತ್ತಾಗೋದಿಲ್ಲ. 25 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, ಅಂದರೆ ಮುಂದಕ್ಕೆ ಒಂದು ಫ್ರೇಮ್, ಹಿಂದಕ್ಕೆ ಮೂರು. ಈ ವ್ಯತ್ಯಾಸ ಯಾಕೆ ಅಂದ್ರೆ, ದನಿ ತಡವಾಗಿ ಬರೋದು ನಮಗೆ ರೂಢಿ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಕೈ ಕೆಳಗಿಳಿದ ಮೇಲೆ ತಾನೇ ಸದ್ದು ಕೇಳಿಸೋದು? ಸದ್ದು ಮೊದಲು ಬಂದು ಕೈ ಆಮೇಲೆ ಇಳಿದದ್ದನ್ನು ಯಾರೂ ಕಂಡಿಲ್ಲ.

ಹೊಂದಾಣಿಕೆ ತಪ್ಪೋಕೆ ದೊಡ್ಡ ಕಾರಣ ಫೋನೇ. ಅನೇಕ ಫೋನ್‌ಗಳು ಬೆಳಕು ಕಡಿಮೆಯಾದಾಗ ಫ್ರೇಮ್ ವೇಗವನ್ನು ತಾವೇ ಬದಲಿಸುತ್ತವೆ. ಕೆಲವು ಸಾಫ್ಟ್‌ವೇರ್‌ಗಳು ವೇಗ ಒಂದೇ ಅಂತ ಭಾವಿಸಿ ಲೆಕ್ಕ ಹಾಕುತ್ತವೆ. ವ್ಯತ್ಯಾಸ ಸಾವಿರಕ್ಕೆ ಒಂದು ಪಾಲಾದರೂ ಹತ್ತು ನಿಮಿಷಕ್ಕೆ 0.6 ಸೆಕೆಂಡ್, ಅಂದರೆ ಹದಿನೈದು ಫ್ರೇಮ್. ಶುರುವಿನಲ್ಲಿ ಸರಿಯಿದ್ದು ಕೊನೆಯಲ್ಲಿ ತಪ್ಪುತ್ತಿದ್ದರೆ ಇದೇ ರೋಗ ಅಂತ ತಿಳೀರಿ. ಎಡಿಟಿಂಗ್‌ಗೆ ಮೊದಲೇ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲನ್ನು ಸ್ಥಿರ ಫ್ರೇಮ್ ವೇಗಕ್ಕೆ ಪರಿವರ್ತಿಸಿಕೊಳ್ಳಿ.

ಮುಚ್ಚಿದ ಜಾಗದಲ್ಲಿ ಏನಾಗಿದೆ?

ಇನ್ನು ನಿಜವಾದ ಪ್ರಶ್ನೆಗೆ ಬರೋಣ. ಚಿತ್ರ ಬದಲಾದರೆ ಮಾತಿನ ಅರ್ಥವೂ ಬದಲಾಗುತ್ತಾ? ಅರ್ಥ ಹಾಗಿರಲಿ, ಕೇಳಿಸುವ ಅಕ್ಷರವೇ ಬದಲಾಗಬಹುದು. 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಮನಶ್ಶಾಸ್ತ್ರಜ್ಞರು ‘ಬ’ ಎನ್ನುವ ದನಿಗೆ ‘ಗ’ ಎನ್ನುವ ತುಟಿಯ ಚಿತ್ರ ಜೋಡಿಸಿದರು. ಹೆಚ್ಚಿನವರಿಗೆ ಕೇಳಿಸಿದ್ದು ‘ಡ’. ಕಣ್ಣು ಕಿವಿಗೆ ಅಷ್ಟರಮಟ್ಟಿಗೆ ಅಪ್ಪಣೆ ಕೊಡುತ್ತೆ. “ಆಗ ತುಂಬಾ ಕಷ್ಟ ಇತ್ತು” ಅನ್ನೋ ಮಾತಿನ ಮೇಲೆ ಒಣಗಿದ ಹೊಲ ತೋರಿಸಿದರೆ ಒಂದು ಕಥೆ, ಸಾಲ ಕೊಟ್ಟವರ ಮನೆ ತೋರಿಸಿದರೆ ಇನ್ನೊಂದು ಕಥೆ.

ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ಮುಖ ತೋರಿಸುತ್ತಲೇ ಮಾತಿನ ಒಂದು ತುಂಡು ತೆಗೆದರೆ ತಲೆ ಟಕ್ ಅಂತ ಜಿಗಿಯುತ್ತೆ. ಇದೇ ಜಂಪ್ ಕಟ್. ನೋಡಲು ಒರಟಾಗಿದ್ದರೂ ಅದು ಪ್ರಾಮಾಣಿಕ, ‘ಇಲ್ಲಿ ಏನೋ ತೆಗೆದಿದ್ದಾರೆ’ ಅಂತ ಅದೇ ಹೇಳುತ್ತೆ. ಅದೇ ಜಾಗದಲ್ಲಿ ಎರಡು ಸೆಕೆಂಡ್ ಮೇಜು, ಹೂಕುಂಡ, ಜನರ ಗುಂಪು ತೋರಿಸಿಬಿಟ್ಟರೆ ಆ ಸಾಕ್ಷಿ ಅಳಿಸಿಹೋಗುತ್ತೆ.

ಒಂದೇ ಕ್ಯಾಮೆರಾದಲ್ಲಿ ಸಂದರ್ಶನ ಮುಗಿಸಿ, ಆಮೇಲೆ ಸಂದರ್ಶಕ ತಲೆಯಾಡಿಸುವ ಶಾಟನ್ನು ಬೇರೆಯಾಗಿ ತೆಗೆದು ಕತ್ತರಿಸಿದ ಜಾಗಕ್ಕೆ ಅಂಟಿಸೋದು ಟಿವಿಯ ಹಳೇ ಅಭ್ಯಾಸ. 2007ರಲ್ಲಿ ಬ್ರಿಟನ್ನಿನ ಚಾನೆಲ್ ಫೈವ್‌ನ ಸುದ್ದಿ ವಿಭಾಗ ಇದನ್ನು ಕೈಬಿಡುವುದಾಗಿ ಘೋಷಿಸಿತು. ಕತ್ತರಿಸಿ ಜೋಡಿಸಿದ್ದನ್ನು ಹೇಳದೇ ಇದ್ದರೆ ಏನಾಗುತ್ತೆ ಅನ್ನೋದನ್ನು ಬಿಬಿಸಿ ಕಂಡಿದೆ. 2024ರ ಪನೋರಮಾ ಕಾರ್ಯಕ್ರಮದಲ್ಲಿ, ಡೊನಾಲ್ಡ್ ಟ್ರಂಪ್ 2021ರ ಜನವರಿ 6ರಂದು 50 ನಿಮಿಷಕ್ಕೂ ಹೆಚ್ಚು ಅಂತರದಲ್ಲಿ ಆಡಿದ ಮಾತುಗಳನ್ನು ಒಂದೇ ಉಸಿರಿನಲ್ಲಿ ಆಡಿದಂತೆ ಜೋಡಿಸಲಾಗಿತ್ತು. ಅದರ ವಿವಾದದಲ್ಲಿ 2025ರ ನವೆಂಬರ್‌ನಲ್ಲಿ ಮಹಾನಿರ್ದೇಶಕ ಟಿಮ್ ಡೇವಿ ಮತ್ತು ಸುದ್ದಿ ಮುಖ್ಯಸ್ಥೆ ಡೆಬೊರಾ ಟರ್ನೆಸ್ ರಾಜೀನಾಮೆ ಕೊಟ್ಟರು. ಟ್ರಂಪ್ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಮಾತು ಆಡಿದವರದ್ದು. ಅದನ್ನು ಮರುಜೋಡಿಸುವ ಹಕ್ಕು ಎಡಿಟರ್‌ಗಿಲ್ಲ.

ಹಾಗಾದರೆ ಗೆರೆ ಎಲ್ಲಿ ಎಳೆಯೋದು? ನನ್ನ ಪ್ರಕಾರ ನಿಯಮ ಒಂದೇ: ಚಿತ್ರ ಮುಚ್ಚಿದ ಜಾಗದಲ್ಲಿ ದನಿ ಅಖಂಡವಾಗಿರಲಿ, ದನಿ ಕತ್ತರಿಸಿದ ಜಾಗದಲ್ಲಿ ಅದು ನೋಡುಗರಿಗೆ ಗೊತ್ತಾಗಲಿ. ಜಂಪ್ ಕಟ್ ಹಾಗೇ ಉಳಿಸಿ, ಇಲ್ಲವೇ ಅರ್ಧ ಸೆಕೆಂಡ್ ಕಪ್ಪು ತೆರೆ ಹಾಕಿ. ಎರಡನ್ನೂ ಒಂದೇ ಜಾಗದಲ್ಲಿ ಮಾಡಿದರೆ ಅದು ಮರೆಮಾಚುವಿಕೆ. ಪತ್ರಿಕೆಗಳು ‘ಸಂಗ್ರಹ ಚಿತ್ರ’, ‘ಸಾಂದರ್ಭಿಕ ಚಿತ್ರ’ ಅಂತ ಅಡಿಬರಹ ಹಾಕುತ್ತವಲ್ಲ, ಮನೆಯ ವಿಡಿಯೊಗೂ ಅದು ಬೇಕು. ಬೇರೆ ಊರಿನ ಕೆರೆಯನ್ನು ಅಜ್ಜಿಯ ಊರಿನ ಕೆರೆ ಅಂತ ಮೊಮ್ಮಕ್ಕಳು ನಂಬಿಬಿಡಬಾರದು.

ವಾಟ್ಸ್‌ಆ್ಯಪ್‌ನಲ್ಲಿ ಯಾರದೋ ಭಾಷಣದ ತುಣುಕು ಬಂದಾಗಲೂ ಇದೇ ಜ್ಞಾನ ಕೆಲಸಕ್ಕೆ ಬರುತ್ತೆ. ಮಾತಿನ ಮಧ್ಯೆ ಮುಖದಿಂದ ಜನರತ್ತ ಚಿತ್ರ ಹೊರಳಿತಾ? ಅಲ್ಲಿ ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿ. ಫ್ಯಾನಿನ ಸದ್ದು, ದೂರದ ಹಾರ್ನ್, ಮೈಕಿನ ಗುಂಯ್‌ಗುಡುವಿಕೆ ಥಟ್ಟನೆ ತುಂಡಾದರೆ, ಉಸಿರೇ ಎಳೆಯದೆ ಮುಂದಿನ ವಾಕ್ಯ ಶುರುವಾದರೆ, ಅನುಮಾನ ಪಡಿ. ಪೂರ್ತಿ ಭಾಷಣ ಹುಡುಕಿ ಕೇಳಿದ ಮೇಲೇ ಮುಂದಿನವರಿಗೆ ಕಳಿಸಿ.

ನಿಮ್ಮದೇ ಸಂದರ್ಶನವಾದರೆ ಇನ್ನೊಂದು ಕೆಲಸ ಬಾಕಿ ಇದೆ. ಎಡಿಟ್ ಆದ ವಿಡಿಯೊ ಎಷ್ಟೇ ಚೆನ್ನಾಗಿರಲಿ, ಮೂಲ ಫೈಲ್ ಅಳಿಸಬೇಡಿ. ಎರಡು ಕಡೆ ಪ್ರತಿ ಇಡಿ. ಚಿತ್ರವನ್ನು ನಾಳೆಯೂ ತೆಗೆಯಬಹುದು, ಆ ದನಿ ಇರೋದು ಆ ಫೈಲ್‌ನಲ್ಲಿ ಮಾತ್ರ.