ಹಾಡಿದವರಿಗೆ ಚಪ್ಪಾಳೆ, ಪಹಣಿ ಇದ್ದವರಿಗೆ ಕಾಸು!

ರಾತ್ರಿ ಹತ್ತು ಗಂಟೆಗೆ ಪರದೆ ಎದ್ದ 'ಕುರುಕ್ಷೇತ್ರ' ಕೋಳಿ ಕೂಗುವ ಹೊತ್ತಾದರೂ ಮುಗಿದಿರುವುದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಗೆ ಇದೇನೂ ಹೊಸದಲ್ಲ. ದುರ್ಯೋಧನನ ಪಾರ್ಟು ಕಟ್ಟುವವನು ಹಗಲು ಹೊತ್ತು ಮಗ್ಗದ ಮುಂದೆ ನಿಲ್ಲುವವನೋ, ರಾಗಿ ಹೊಲದಲ್ಲಿ ಬೆವರು ಸುರಿಸುವವನೋ ಆಗಿರುತ್ತಾನೆ. ಪಾರ್ಟು ಸಿಗಬೇಕಾದರೆ ಅವನೇ ಕೈಯಿಂದ ದುಡ್ಡು ಹಾಕಬೇಕು. ಸೀನರಿಯವರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ, ಬಣ್ಣದವರಿಗೆ ಕೊಟ್ಟು ಸಾಲ ಮಾಡಿಕೊಂಡರೂ ಪರವಾಗಿಲ್ಲ, ಕಂದಪದ್ಯ ಮುಗಿದೊಡನೆ 'ಒನ್ಸ್ ಮೋರ್' ಬಿತ್ತು ಅಂದರೆ ಜನ್ಮ ಸಾರ್ಥಕ!

ಇಷ್ಟರವರೆಗೆ ಹಳೆಯ ಕಥೆ. ಹೊಸದೇನೆಂದರೆ, ಈಗ ರಂಗದ ಮುಂದೆ ಹತ್ತಾರು ಮೊಬೈಲುಗಳು ಎದ್ದು ನಿಂತಿರುತ್ತವೆ. ಬೆಳಗಾಗುವಷ್ಟರಲ್ಲಿ ಆ ಕಂದಪದ್ಯ ಯೂಟ್ಯೂಬಿನಲ್ಲಿ. ಕೇಳುವವರು ಸಾವಿರಾರು. ನಡುವೆ ಜಾಹೀರಾತು. ಅರಳೀಕಟ್ಟೆಯ ಮೇಲೆ ಮಾತು ಹೀಗೆ ಸಾಗುತ್ತದೆ:

"ಏನ್ ಮೇಷ್ಟ್ರೇ, ನಿಮ್ ಹಾಡು ನಮ್ ಹುಡುಗನ ಫೋನಲ್ಲಿ ಬತ್ತಾ ಐತೆ. ಕಾಸ್ಗೀಸು ಏನಾರ ಬಂತಾ?"

"ಎಲ್ಲೀ ಕಾಸಣ್ಣ! ಹಾಡಿದ್ದು ನಾವು, ಹಾಕಿದ್ದು ಇನ್ಯಾರೋ."

ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜ. ಹಾಡು ಇವತ್ತು ಅಂತರ್ಜಾಲದಲ್ಲಿ ಮಾರಾಟದ ಸರಕು. ವ್ಯಾಪಾರ ಭರ್ಜರಿಯಾಗಿಯೇ ನಡೆದಿದೆ. ಆದರೆ ದುಡ್ಡು ಹೋಗುವ ದಾರಿ ಬೇರೆ. ಈ ಜಿಲ್ಲೆಯ ಜನಕ್ಕೆ ಆ ದಾರಿ ತಿಳಿಸಲು ದೊಡ್ಡ ಪುರಾಣ ಬೇಕಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. ಅದರ ಹಿಂದೆ ಮುಂದೆ ಭೂಮಿಗೆ ಬಂಗಾರದ ಬೆಲೆ ಬಂದಾಗ ದುಡ್ಡು ಯಾರ ಕೈ ಸೇರಿತು? ಉತ್ತವನ ಕೈಯನ್ನೋ, ಪಹಣಿಯಲ್ಲಿ ಹೆಸರಿದ್ದವನ ಕೈಯನ್ನೋ? ಹಾಡಿನದೂ ಅದೇ ಲೆಕ್ಕ.

ಕ್ಯಾಸೆಟ್ಟಿನ ಸುಗ್ಗಿ

ಹಿಂದೆ ಹಾಡಿಗೊಂದು ಮೈ ಇತ್ತು. ಅಂಗಡಿಯಲ್ಲಿ ಕೈಗೆ ಸಿಗುತ್ತಿತ್ತು. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಹೊರಬಂದು ಭಾವಗೀತೆಗಳ ಮಾರುಕಟ್ಟೆಗೆ ದಾರಿ ಮಾಡಿತು. 1987ರಲ್ಲಿ ರವಿಚಂದ್ರನ್‌ರ 'ಪ್ರೇಮಲೋಕ' ಬಂದಾಗ ಹಂಸಲೇಖರ ಹಾಡುಗಳ ಕ್ಯಾಸೆಟ್ಟು ಲಕ್ಷಗಟ್ಟಲೆ ಖರ್ಚಾಯಿತು. ಅದನ್ನು ತಂದ ಬೆಂಗಳೂರಿನ ಲಹರಿ ಕಂಪನಿ ಮನೆಮಾತಾಯಿತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ಹಗ್ಗ, ಗೆಜ್ಜೆಯ ಜೊತೆಗೆ ಒಂದೆರಡು ಕ್ಯಾಸೆಟ್ಟು ಹಿಡಿದು ಬರುತ್ತಿದ್ದ ಕಾಲ ಅದು.

ಆಗಲೂ ಹಾಡುಗಾರನಿಗೆ ಸಿಕ್ಕಿದ್ದು ಬಹುಪಾಲು ಒಂದೇ ಸಲದ ಕೂಲಿ. ಆದರೆ ಒಂದು ಕ್ಯಾಸೆಟ್ಟು ಮಾರಿದರೆ ಅಂಗಡಿಯವನಿಗಿಷ್ಟು, ಏಜೆಂಟನಿಗಿಷ್ಟು, ಕಂಪನಿಗಿಷ್ಟು ಎಂದು ಕಣ್ಣಿಗೆ ಕಾಣುವ ಲೆಕ್ಕವಾದರೂ ಇತ್ತು.

ಆಮೇಲೆ ಬಂತು ಮೆಮೊರಿ ಕಾರ್ಡು, ಹಳ್ಳಿಗರ ಬಾಯಲ್ಲಿ 'ಚಿಪ್ಪು'. ಬಸ್‌ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿಗೆ ಹೋಗಿ "ಅಣ್ಣ, ಹಳೇ ರಾಜ್‌ಕುಮಾರ್ ಹಾಡು ಹಾಕ್ಕೊಡಿ" ಅಂದರೆ ಇಪ್ಪತ್ತೋ ಮೂವತ್ತೋ ರೂಪಾಯಿಗೆ ಚಿಪ್ಪು ಭರ್ತಿ. ಅಂಗಡಿಯವನಿಗೆ ಕಾಸು, ಗಿರಾಕಿಗೆ ಖುಷಿ. ಹಾಡಿನವರಿಗೆ ಮಾತ್ರ ಪಂಗನಾಮ! ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಇದಕ್ಕೆ ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಉಂಟು. ಕರ್ನಾಟಕದ 1985ರ ಗೂಂಡಾ ಕಾಯಿದೆಗೆ 2014ರಲ್ಲಿ ತಿದ್ದುಪಡಿ ತಂದು ಡಿಜಿಟಲ್ ಕಳ್ಳರನ್ನೂ ಸೇರಿಸಿದ್ದಾಯಿತು. ಕಾಯಿದೆ ಪುಸ್ತಕದಲ್ಲಿ ಇತ್ತು, ಚಿಪ್ಪು ತುಂಬುತ್ತಲೇ ಇತ್ತು.

ಹಾರಿ ಬಿದ್ದ 'ಫ್ಲೈಟ್'

ಪ್ರಾಮಾಣಿಕವಾಗಿ ಹಾಡು ಮಾರಲು ಯಾರೂ ಪ್ರಯತ್ನಿಸಲಿಲ್ಲವೇ? ಪ್ರಯತ್ನಿಸಿದ್ದಾರೆ, ಅದೂ ನಮ್ಮ ಬೆಂಗಳೂರಿನಿಂದಲೇ. 2007ರಲ್ಲಿ ಪುಸ್ತಕ ಮಾರಲು ಹುಟ್ಟಿದ ಫ್ಲಿಪ್‌ಕಾರ್ಟ್ ಕಂಪನಿ 2012ರ ಫೆಬ್ರವರಿಯಲ್ಲಿ 'ಫ್ಲೈಟ್' ಎಂಬ ಹಾಡಿನಂಗಡಿ ತೆರೆಯಿತು. ದೇವನಹಳ್ಳಿಯಿಂದ ಹಾರುವ ಫ್ಲೈಟ್ ಅಲ್ಲ, ಅಂತರ್ಜಾಲದ ಅಂಗಡಿ. ಒಂದು ಹಾಡಿಗೆ ಆರು ರೂಪಾಯಿಯಿಂದ ಹದಿನೈದು ರೂಪಾಯಿ. ಕೊಂಡವರು ತಮ್ಮ ಯಂತ್ರಕ್ಕೆ ಇಳಿಸಿಕೊಂಡು ಕಾಲಕಾಲಕ್ಕೂ ಕೇಳಬಹುದು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಆಪಲ್ ಕಂಪನಿಯ ಐಟ್ಯೂನ್ಸ್ ಅಂಗಡಿಯೂ ಭಾರತಕ್ಕೆ ಬಂತು.

ಫಲವೇನು? ಒಂದೂವರೆ ವರ್ಷ ತುಂಬುವ ಮೊದಲೇ, 2013ರ ಜೂನ್ 17ಕ್ಕೆ ಫ್ಲೈಟ್ ಮಾರಾಟ ಬಂದ್! ಕಂಪನಿಯೇ ಕೊಟ್ಟ ಕಾರಣ ಎರಡು. ಒಂದು ಹಾಡಿನ ಕಳ್ಳತನ, ಇನ್ನೊಂದು ಸಣ್ಣ ಮೊತ್ತದ ಪಾವತಿಯ ತೊಡಕು. ಹತ್ತು ರೂಪಾಯಿಯ ಹಾಡಿಗೆ ಕಾರ್ಡಿನ ನಂಬರು, ಪಾಸ್‌ವರ್ಡು, ಒಟಿಪಿ ಎಂದು ಒದ್ದಾಡುವವರು ಯಾರು? ಕಾರ್ಡೇ ಇಲ್ಲದವರ ಪಾಡೇನು? ಅದಕ್ಕಿಂತ ಚಿಪ್ಪಿನಂಗಡಿ ಹತ್ತಿರ.

ವಿಧಿಯ ಆಟ ನೋಡಿ. ಚಿಲ್ಲರೆ ಕಾಸನ್ನು ಕ್ಷಣದಲ್ಲಿ ದಾಟಿಸುವ ಯುಪಿಐ 2016ರಲ್ಲಿ ಬಂತು. ಇವತ್ತು ಸೊಪ್ಪಿನ ಗಾಡಿಯ ಅಜ್ಜಿಯೂ ಹತ್ತು ರೂಪಾಯಿಯನ್ನು ಫೋನಿನಲ್ಲೇ ಪಡೆಯುತ್ತಾಳೆ. ಆದರೆ ಅದೇ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾವನ್ನೇ ಪುಕ್ಕಟೆ ಹಂಚಿತು. ಹಾಡು ಕೊಳ್ಳುವುದೇಕೆ, ಬೇಕಾದಾಗ ಹಾಗೇ ಕೇಳಿದರಾಯಿತು ಎಂದು ಜನ ತೀರ್ಮಾನಿಸಿಬಿಟ್ಟರು. ಚಿಲ್ಲರೆ ಕೈಗೆ ಬರುವಷ್ಟರಲ್ಲಿ ಅಂಗಡಿಯೇ ಮುಚ್ಚಿಹೋಗಿತ್ತು.

ನಡುವೆ ಕಾಲರ್ ಟ್ಯೂನಿನ ಒಂದು ಸುಗ್ಗಿಯೂ ಆಗಿಹೋಯಿತು. ಫೋನು ಮಾಡಿದವರ ಕಿವಿಗೆ ಹಾಡು ಬೀಳಲು ಜನ ತಿಂಗಳಿಗೆ ಮೂವತ್ತು ರೂಪಾಯಿಯಂತೆ ಕೊಟ್ಟರು. ಸಿಂಹಪಾಲು ದೂರವಾಣಿ ಕಂಪನಿಗಳಿಗೆ, ಮಿಕ್ಕಿದ್ದು ಕ್ಯಾಸೆಟ್ ಕಂಪನಿಗಳಿಗೆ. ಕೇಳದೆಯೇ ಟ್ಯೂನು ಹಾಕಿ ದುಡ್ಡು ಮುರಿದುಕೊಳ್ಳುತ್ತಾರೆಂಬ ಕೂಗೆದ್ದಾಗ, ಗಿರಾಕಿಯ ಒಪ್ಪಿಗೆಯನ್ನು ಎರಡು ಸಲ ಪಡೆಯಬೇಕೆಂದು 2011ರಲ್ಲಿ ಟ್ರಾಯ್ ಆದೇಶಿಸಿತು. ಅಲ್ಲಿಗೆ ಆ ಸುಗ್ಗಿಯೂ ಇಳಿಮುಖವಾಯಿತು.

ಪೈಸೆಯ ಲೆಕ್ಕ

ಈಗಿನ ವ್ಯಾಪಾರ ಬಾಡಿಗೆ ವ್ಯಾಪಾರ. ಜಿಯೋಸಾವನ್, 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಇವೆಲ್ಲ ಹಾಡು ಮಾರುವುದಿಲ್ಲ, ಕೇಳಿಸುತ್ತವೆ. ಗಿರಾಕಿ ಚಂದಾ ಕಟ್ಟುತ್ತಾನೆ, ಇಲ್ಲವೇ ಜಾಹೀರಾತು ಸಹಿಸಿಕೊಳ್ಳುತ್ತಾನೆ. ಈ ಧಂದೆಯೂ ಸಲೀಸಲ್ಲ. ಏರ್‌ಟೆಲ್ಲಿನ ವಿಂಕ್ ಹತ್ತು ವರ್ಷ ಹಾಡಿ 2024ರಲ್ಲಿ ಬಾಗಿಲು ಹಾಕಿತು.

ಬಂದ ದುಡ್ಡು ಹಂಚುವುದು ಹೇಗೆ? ಊರಿಗೆಲ್ಲ ಒಂದೇ ಹುಂಡಿ. ಒಂದು ಉದಾಹರಣೆಯ ಲೆಕ್ಕ ನೋಡೋಣ. ನೂರು ಜನ ತಿಂಗಳಿಗೆ ತಲಾ ನೂರು ರೂಪಾಯಿ ಕಟ್ಟಿದರು ಅಂತಿಟ್ಟುಕೊಳ್ಳಿ. ಹುಂಡಿಗೆ ಬಿದ್ದದ್ದು ಹತ್ತು ಸಾವಿರ. ಅದರಲ್ಲಿ ಸುಮಾರು ಮೂರನೇ ಎರಡರಷ್ಟು, 6,600 ರೂಪಾಯಿ ಅನ್ನೋಣ, ಹಾಡಿನ ಹಕ್ಕುದಾರರ ಪಾಲು. ಆ ತಿಂಗಳು ನೂರೂ ಜನ ಸೇರಿ ಒಂದು ಲಕ್ಷ ಸಲ ಹಾಡು ಕೇಳಿದರೆ ಒಂದು ಸಲಕ್ಕೆ 6.6 ಪೈಸೆ.

ಆ ನೂರರಲ್ಲಿ ಒಬ್ಬ ದೊಡ್ಡಬಳ್ಳಾಪುರದ ನೇಕಾರ. ಮಗ್ಗದ ಸದ್ದಿನಿಂದ ಬಿಡುವು ಸಿಕ್ಕಾಗ ತಮ್ಮೂರ ಭಜನೆಯವರ ಪದಗಳನ್ನು ಮಾತ್ರ ಕೇಳುತ್ತಾನೆ, ತಿಂಗಳಿಗೆ ನೂರು ಸಲ. ಅವನ ಚಂದಾದಲ್ಲಿ ಹಾಡಿನ ಪಾಲು 66 ರೂಪಾಯಿ. ಭಜನೆಯವರಿಗೆ ಸೇರುವುದು ಎಷ್ಟು? 6 ರೂಪಾಯಿ 60 ಪೈಸೆ! ಉಳಿದ 59 ರೂಪಾಯಿ 40 ಪೈಸೆ ಅವನು ಕೇಳದೇ ಇದ್ದ ಸಿನಿಮಾ ಹಾಡುಗಳ ಜೇಬಿಗೆ. ಕೇಳಿದವನ ದುಡ್ಡು ಕೇಳಿದ ಹಾಡಿಗೇ ಸಲ್ಲಲಿ ಎಂಬ ಪದ್ಧತಿಯನ್ನು ಸೌಂಡ್‌ಕ್ಲೌಡ್ ಎಂಬ ವಿದೇಶಿ ಕಂಪನಿ 2021ರಲ್ಲಿ ಶುರುಮಾಡಿತು. ದೊಡ್ಡ ಕಂಪನಿಗಳಲ್ಲಿ ಮಾತ್ರ ಒಂದೇ ಹುಂಡಿಯ ಪದ್ಧತಿಯದೇ ಮೇಲುಗೈ.

ಹತ್ತು ರೂಪಾಯಿಗೆ ಹಾಡು ಮಾರಿ, ಅಂಗಡಿಯವನು ಮೂರು ಇಟ್ಟುಕೊಂಡು ಏಳು ಕೊಟ್ಟಿದ್ದರೂ, ಆ ಏಳು ರೂಪಾಯಿ ಈಗ ಹುಟ್ಟಬೇಕಾದರೆ ಇದೇ ಲೆಕ್ಕದಲ್ಲಿ ನೂರಕ್ಕಿಂತ ಹೆಚ್ಚು ಸಲ ಆ ಹಾಡನ್ನು ಕೇಳಬೇಕು. ಇದರ ಮೇಲೆ ಗಾಯದ ಮೇಲಿನ ಬರೆ ಇನ್ನೊಂದು. ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳದ ಹಾಡಿಗೆ ಸ್ಪಾಟಿಫೈ 2024ರಿಂದ ಬಿಡಿಗಾಸನ್ನೂ ಲೆಕ್ಕಕ್ಕೆ ಹಾಕುತ್ತಿಲ್ಲ.

ಯೂಟ್ಯೂಬಿನದು ಬೇರೆ ಲೆಕ್ಕ. ವಿಡಿಯೋ ನೋಡುವಾಗ ಬರುವ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 55 ಪಾಲು ಚಾನೆಲ್ಲಿನವರಿಗೆ. ಆದರೆ ಆ ಪಾಲಿಗೆ ಅರ್ಹರಾಗಲು ಸಾವಿರ ಚಂದಾದಾರರು ಬೇಕು, ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ಜನ ನೋಡಿರಬೇಕು. ನೂರು ಡಾಲರು ಜಮೆಯಾಗುವವರೆಗೆ ದುಡ್ಡು ಕೈಗೆ ಬಾರದು. ಹಾಗಾಗಿ ಒಂದೊಂದು ಹಾಡು ಹಾಕುವವನಿಗೆ ಏನೂ ಗಿಟ್ಟುವುದಿಲ್ಲ. ಊರೂರಿನ ನಾಟಕ ಒಟ್ಟು ಮಾಡಿ ನೂರಾರು ವಿಡಿಯೋ ಪೇರಿಸುವವನಿಗೆ ಗಿಟ್ಟುತ್ತದೆ. ಕಾಳು ಬೆಳೆದವನಿಗಿಂತ ಕಣಜ ಇಟ್ಟವನು ಮೇಲು!

ಹಾಡಿಗೂ ಪಹಣಿ

ಇಷ್ಟಕ್ಕೂ ಕಾಯಿದೆ ಹಾಡುಗಾರನನ್ನು ಕೈಬಿಟ್ಟಿದೆಯೇ? ಇಲ್ಲ ಎಂಬುದೇ ವಿಚಿತ್ರ. 2012ರ ಜೂನ್ 21ರಂದು ಜಾರಿಗೆ ಬಂದ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ಹಕ್ಕನ್ನು ಕಂಪನಿಗೆ ಮಾರಿದರೂ ಚಿತ್ರಮಂದಿರದ ಹೊರಗಿನ ಬಳಕೆಗೆ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕು ಅವರದೇ. ಅದನ್ನು ಬರೆದುಕೊಟ್ಟರೂ ಸಲ್ಲದು. ಇದನ್ನು ವಸೂಲು ಮಾಡಲು ಐಪಿಆರ್‌ಎಸ್ ಎಂಬ ಸಂಘವಿದೆ. ಹಾಡುಗಾರರಿಗಾಗಿ 2013ರಲ್ಲಿ ಇಸ್ರಾ ಎಂಬ ಸಂಘ ಬಂತು.

ಸಿನಿಮಾದವರಿಗೆ ಸರಿ, ನಮ್ಮ ದುರ್ಯೋಧನನಿಗೇನು? ಅವನಿಗೂ ಉಂಟು. ರಂಗದ ಮೇಲೆ ಹಾಡಿದ ಯಾವನೇ ಕಲಾವಿದನಿಗೂ ಪ್ರದರ್ಶನಕಾರನ ಹಕ್ಕು ಇದೆ, ಅದರ ಆಯುಸ್ಸು ಐವತ್ತು ವರ್ಷ. ನೆನಪಿಗೆಂದು ಮನೆಯಲ್ಲಿ ನೋಡಲು ಯಾರಾದರೂ ಚಿತ್ರಿಸಿಕೊಂಡರೆ ತಕರಾರಿಲ್ಲ. ಒಪ್ಪಿಗೆ ಪಡೆಯದೆ ಚಿತ್ರಿಸಿ, ಜಾಹೀರಾತು ಹಾಕಿ ದುಡ್ಡು ಎಣಿಸಿದರೆ ಅದು ಹಕ್ಕಿನ ಉಲ್ಲಂಘನೆ. ಪದ ಎಷ್ಟೇ ಹಳೆಯದಿರಲಿ, ಹಾಡಿದ ಗಂಟಲು ಹಾಡಿದವನದೇ.

ಇನ್ನೊಂದು ಎಡವಟ್ಟೂ ನಡೆಯುತ್ತದೆ. ಭಜನೆಯವರು ಸಿನಿಮಾ ಹಾಡಿನ ಧಾಟಿಗೆ ದೇವರ ಪದ ಕೂಡಿಸಿ ಹಾಡುವುದು ನಮ್ಮಲ್ಲಿ ಮಾಮೂಲು. ಗುಡಿಯೊಳಗೆ ಅದಕ್ಕೆ ಅಡ್ಡಿಯಿಲ್ಲ. ಯೂಟ್ಯೂಬಿಗೆ ಹಾಕಿದರೆ ಅಲ್ಲಿನ ಯಂತ್ರ ಧಾಟಿಯನ್ನು ಗುರುತು ಹಿಡಿಯಬಹುದು. ಹಿಡಿದರೆ ಭಜನೆಯ ಆದಾಯ ನೆಟ್ಟಗೆ ಸಿನಿಮಾ ಹಾಡಿನ ಕಂಪನಿಗೆ ಹೋಗುತ್ತದೆ. ಅಲ್ಲೂ ಪಹಣಿಯದೇ ಮಾತು.

ಹಾಗಾದರೆ ಪಹಣಿ ಮಾಡಿಸುವುದು ಹೇಗೆ? ತಾಲ್ಲೂಕು ಕಚೇರಿಗೆ ಅಲೆಯಬೇಕಾಗಿಲ್ಲ. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವೂ ಅಲ್ಲ. ನಾಟಕದ ಮಂಡಳಿಯವರು ಪ್ರಾಕ್ಟೀಸಿನ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದಿಡಬೇಕು: ಚಿತ್ರಿಸುವವರು ಯಾರು, ಯಾವ ಚಾನೆಲ್ಲಿಗೆ, ಬಂದ ಕಾಸಿನಲ್ಲಿ ಮೇಷ್ಟ್ರಿಗೆಷ್ಟು, ಪಾತ್ರಧಾರಿಗಳಿಗೆಷ್ಟು. ಕಂಪನಿಯವರು ಬಂದು "ಸೈನ್ ಹಾಕಿ" ಅಂದರೆ ಎಷ್ಟು ವರ್ಷಕ್ಕೆ ಎಂದು ಕೇಳಬೇಕು. ಅವಧಿ ಬರೆಯದಿದ್ದರೆ ಕಾಯಿದೆ ಅದನ್ನು ಐದೇ ವರ್ಷ ಎಂದು ತಿಳಿಯುತ್ತದೆ. 'ಶಾಶ್ವತವಾಗಿ' ಎಂಬ ಒಂದು ಮಾತು ಬರೆದುಕೊಟ್ಟರೆ ಮುಗಿಯಿತು.

ಸ್ವಂತವಾಗಿ ಧ್ವನಿಮುದ್ರಿಸಿದವರು ಟ್ಯೂನ್‌ಕೋರ್, ಡಿಸ್ಟ್ರೋಕಿಡ್ ಥರದ ಏಜೆನ್ಸಿಗಳ ಮೂಲಕ ಎಲ್ಲ ಅಂಗಡಿಗಳಿಗೂ ಹಾಡು ಕಳಿಸಬಹುದು. ಪ್ರತಿ ಮುದ್ರಿಕೆಗೆ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ. ಅದೇ ಹಾಡಿನ ಸರ್ವೆ ನಂಬರು.

ಇದರಿಂದ ಯಾರೂ ಲಕ್ಷಾಧೀಶರಾಗುವುದಿಲ್ಲ. ಪೈಸೆಯ ಲೆಕ್ಕವನ್ನು ಮೇಲೆಯೇ ನೋಡಿದ್ದಾಯಿತು. ಆದರೆ ಪರದೆಯ ಬಾಡಿಗೆ ಹುಟ್ಟಿದರೂ ಹುಟ್ಟಿತು. ಅದಕ್ಕಿಂತ ಮುಖ್ಯವಾಗಿ, ಹಾಡು ಯಾರದೆಂಬ ಪ್ರಶ್ನೆ ಮೊಮ್ಮಕ್ಕಳ ಕಾಲಕ್ಕೆ ಬಂದಾಗ ಹೆಸರು ಇರುತ್ತದೆ.

ಕರ್ನಾಟಕದಲ್ಲಿ 1974ರಲ್ಲಿ 'ಉಳುವವನೇ ಹೊಲದೊಡೆಯ' ಎಂಬ ಕಾನೂನು ಬಂತು. ಗೇಣಿದಾರನಿಗೆ ಹಕ್ಕು ಕೊಟ್ಟದ್ದು ಕಾನೂನೇ. ಆದರೆ ಭೂಮಿ ದಕ್ಕಿದ್ದು ಫಾರಂ ನಂಬರ್ 7 ತುಂಬಿ ಕೊಟ್ಟವನಿಗೆ. ಧಣಿ ಏನಂದುಕೊಳ್ಳುತ್ತಾರೋ ಎಂದು ಸುಮ್ಮನೆ ಕೂತವನು ಉಳುತ್ತಲೇ ಉಳಿದ. 'ಹಾಡುವವನೇ ಹಾಡಿನೊಡೆಯ' ಎಂದು ಈಗಿನ ಕಾಯಿದೆಯೂ ಹೇಳುತ್ತಿದೆ. ಫಾರಂ ತುಂಬುವವರು ಯಾರು?