ಏದುಸಿರಿನ ಲೆಕ್ಕಾಚಾರ

ಯಶವಂತಪುರ ರೈಲು ನಿಲ್ದಾಣಕ್ಕೆ ನೀವು ತಡವಾಗಿ ಬಂದಿದ್ದೀರಿ ಎಂದುಕೊಳ್ಳಿ. ರೈಲು ದೂರದ ಪ್ಲಾಟ್‌ಫಾರಂನಲ್ಲಿದೆ. ಹೊರಡಲು ಉಳಿದಿರುವುದು ಒಂದೂವರೆ ನಿಮಿಷ. ಚೀಲವನ್ನು ಹೆಗಲಿಗೇರಿಸಿ ಮೇಲ್ಸೇತುವೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ, ಓಡಿ, ಇಳಿಯುತ್ತೀರಿ. ರೈಲೇನೋ ಸಿಕ್ಕಿತು. ಆದರೆ ಕುಳಿತು ಐದು ನಿಮಿಷವಾದರೂ ಏದುಸಿರು ನಿಂತಿಲ್ಲ. ತೊಡೆಗಳು ಉರಿಯುತ್ತಿವೆ, ಎದೆ ಡವಡವ ಹೊಡೆದುಕೊಳ್ಳುತ್ತಿದೆ. ಓಟ ಮುಗಿದ ಮೇಲೂ ದೇಹ ಏಕೆ ದುಡಿಯುತ್ತಲೇ ಇದೆ?

ಯಲಹಂಕ, ಆರ್.ಟಿ. ನಗರದ ಜಿಮ್‌ಗಳಲ್ಲಿ ಕೆಲವರು ಹಣ ಕೊಟ್ಟು ಮಾಡುವ ಅತಿ ತೀವ್ರ ವ್ಯಾಯಾಮವೂ ಇದೇ ಬಗೆಯದು. ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳವರೆಗೆ ಶಕ್ತಿಮೀರಿ ದುಡಿಯುವುದು, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ದುಡಿಯುವುದು.

ಮೂರು ಖಜಾನೆಗಳು

ಸ್ನಾಯು ಸಂಕುಚಿಸಲು ಬೇಕಾದ ಶಕ್ತಿ ದೊರೆಯುವುದು ಎಟಿಪಿ ಎಂಬ ಅಣುವಿನಿಂದ. ಸ್ನಾಯುವಿನಲ್ಲಿ ಇದರ ದಾಸ್ತಾನು ಬಹಳ ಕಡಿಮೆ. ಪೂರ್ಣ ವೇಗದ ಓಟಕ್ಕೆ ಎರಡು ಮೂರು ಸೆಕೆಂಡಿಗಷ್ಟೇ ಸಾಕು. ಆದ್ದರಿಂದ ಎಟಿಪಿಯನ್ನು ಬೆನ್ನುಬೆನ್ನಿಗೇ ತಯಾರಿಸುತ್ತಿರಬೇಕು. ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ಕ್ರಿಯೇಟಿನ್ ಫಾಸ್ಫೇಟ್. ಇದು ಕೈಯಲ್ಲಿರುವ ಚಿಲ್ಲರೆ ಹಣದಂತೆ. ತಕ್ಷಣ ಸಿಗುತ್ತದೆ, ಸುಮಾರು ಹತ್ತು ಸೆಕೆಂಡಿನಲ್ಲಿ ಬಹುಪಾಲು ಮುಗಿಯುತ್ತದೆ. ಎರಡನೆಯದು ಸ್ನಾಯುವಿನಲ್ಲಿ ಶೇಖರವಾಗಿರುವ ಗ್ಲೈಕೊಜೆನ್ ಅನ್ನು ಆಕ್ಸಿಜನ್ನಿನ ನೆರವಿಲ್ಲದೆ ಒಡೆಯುವುದು. ಇದು ವೇಗದ ದಾರಿ, ಆದರೆ ದುಂದಿನದು: ಒಂದು ಗ್ಲೂಕೋಸ್ ಅಣುವಿನಿಂದ ಸಿಗುವ ನಿವ್ವಳ ಲಾಭ ಎರಡೇ ಎಟಿಪಿ. ಮೂರನೆಯದು ಆಕ್ಸಿಜನ್ ಬಳಸಿ ಮೈಟೊಕಾಂಡ್ರಿಯಗಳಲ್ಲಿ ನಡೆಯುವ ದಹನ. ಇಲ್ಲಿ ಅದೇ ಅಣುವಿನಿಂದ ಸುಮಾರು 30 ಎಟಿಪಿ ದೊರೆಯುತ್ತವೆ. ಆದರೆ ಈ ವ್ಯವಸ್ಥೆ ಪೂರ್ಣ ವೇಗಕ್ಕೆ ಬರಲು ಒಂದೆರಡು ನಿಮಿಷ ಬೇಕು.

2020ರ ಆರಂಭದಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದ್ದು ನಿಮಗೆ ನೆನಪಿರಬಹುದು. ಅಂಥ ಓಟಕ್ಕೆ ಬಹುಪಾಲು ಶಕ್ತಿ ಮೊದಲ ಎರಡು ಖಜಾನೆಗಳದು. ನಿಮ್ಮ ಒಂದೂವರೆ ನಿಮಿಷದ ಓಟದಲ್ಲಿ ಮೂರೂ ಖಜಾನೆಗಳು ತೆರೆದಿರುತ್ತವೆ.

ಸಾಲ ತೀರಿಸುವ ಹೊತ್ತು

ಎರಡನೆಯ ದಾರಿಯಲ್ಲಿ ಲ್ಯಾಕ್ಟೇಟ್ ಉತ್ಪತ್ತಿಯಾಗುತ್ತದೆ, ಜೊತೆಗೆ ಸ್ನಾಯುವಿನ ಆಮ್ಲೀಯತೆ ಏರುತ್ತದೆ. ಬಹುಕಾಲ ಲ್ಯಾಕ್ಟೇಟನ್ನು ಬರಿಯ ಕಸವೆಂದು ಭಾವಿಸಲಾಗಿತ್ತು. ಅದು ಸರಿಯಲ್ಲ. ಹೃದಯ ಅದನ್ನು ಇಂಧನವಾಗಿ ಉರಿಸುತ್ತದೆ. ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಆಗಿ ಮಾರ್ಪಡಿಸುತ್ತದೆ. ಮಾರನೆಯ ದಿನ ಕಾಡುವ ಮೈಕೈ ನೋವಿಗೂ ಅದು ಕಾರಣವಲ್ಲ. ಹೆಚ್ಚಾದ ಲ್ಯಾಕ್ಟೇಟ್ ಒಂದೆರಡು ಗಂಟೆಗಳಲ್ಲೇ ರಕ್ತದಿಂದ ಮರೆಯಾಗಿರುತ್ತದೆ. ಆ ನೋವು ಸ್ನಾಯುತಂತುಗಳಿಗಾದ ಸೂಕ್ಷ್ಮ ಹಾನಿಯಿಂದ ಬರುವಂಥದು.

ಇನ್ನು ಏದುಸಿರು. 1922ರ ನೊಬೆಲ್ ಪ್ರಶಸ್ತಿಯನ್ನು ಆಟೊ ಮೇಯರ್‌ಹಾಫ್ ಅವರೊಡನೆ ಹಂಚಿಕೊಂಡ ಎ.ವಿ. ಹಿಲ್ ಇದನ್ನು ‘ಆಕ್ಸಿಜನ್ ಸಾಲ’ ಎಂದು ಕರೆದರು. ಓಡುವಾಗ ಖಾಲಿಯಾದ ಕ್ರಿಯೇಟಿನ್ ಫಾಸ್ಫೇಟನ್ನು ಮತ್ತೆ ತುಂಬಲು, ರಕ್ತ ಹಾಗೂ ಸ್ನಾಯುವಿನ ಆಕ್ಸಿಜನ್ ದಾಸ್ತಾನನ್ನು ಸರಿಪಡಿಸಲು ಹೆಚ್ಚಿನ ಆಕ್ಸಿಜನ್ ಬೇಕು. ಏರಿದ ದೇಹದ ಉಷ್ಣತೆ ಮತ್ತು ಅಡ್ರಿನಲಿನ್ ಕೂಡ ಈ ಬೇಡಿಕೆಯನ್ನು ಹೆಚ್ಚಿಸುತ್ತವೆ ಎಂದು ಇಂದು ತಿಳಿದಿದೆ.

ಹೃದಯದ ಪಾಡು

ವಿಶ್ರಾಂತಿಯಲ್ಲಿ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪು ಮಾಡುತ್ತದೆ. ತೀವ್ರ ಶ್ರಮದಲ್ಲಿ ಆರೋಗ್ಯವಂತ ತರುಣರಲ್ಲಿ ಇದು 20 ಲೀಟರಿಗೆ ಏರುತ್ತದೆ. ಗಮನಿಸಬೇಕಾದ ಒಂದು ಸಂಗತಿಯಿದೆ. ಹೃದಯದ ಸ್ನಾಯುವಿಗೆ ಮುಖ್ಯವಾಗಿ ರಕ್ತ ಹರಿಯುವುದು ಅದು ಸಡಿಲಗೊಂಡಾಗ. ಬಡಿತ ಹೆಚ್ಚಿದಷ್ಟೂ ಆ ಬಿಡುವು ಕಿರಿದಾಗುತ್ತದೆ. ರಕ್ತನಾಳಗಳು ಶುದ್ಧವಾಗಿದ್ದರೆ ತೊಂದರೆಯಿಲ್ಲ, ಅವು ಹಿಗ್ಗಿ ಸರಿದೂಗಿಸುತ್ತವೆ. ಒಳಗೆ ಕೊಬ್ಬು ಕಟ್ಟಿ ಕಿರಿದಾಗಿದ್ದರೆ ಪೂರೈಕೆ ಸಾಲದಾಗಬಹುದು. ಕೊಬ್ಬಿನ ಪದರ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ನಿಧನರಾದಾಗ ಈ ಪ್ರಶ್ನೆ ನಾಡಿನ ಮನೆಮನೆಯಲ್ಲೂ ಕೇಳಿಬಂತು. ಯಶವಂತಪುರಕ್ಕೆ ಸಮೀಪದ ಕಂಠೀರವ ಸ್ಟುಡಿಯೊದಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಮುಂದಿನ ದಿನಗಳಲ್ಲಿ ತಪಾಸಣೆಗಾಗಿ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಜನ ಸಾಲುಗಟ್ಟಿದರು; ಜಿಮ್ ಬಿಟ್ಟವರೂ ಉಂಟು. ಒಬ್ಬರ ಸಾವಿನಿಂದ ವ್ಯಾಯಾಮವೇ ಕಾರಣವೆಂದು ತೀರ್ಮಾನಿಸಲಾಗದು. ಇದಕ್ಕೆ ದೊಡ್ಡ ಸಂಖ್ಯೆಯ ಜನರ ಅಧ್ಯಯನ ಬೇಕು.

ಅಪಾಯ ಎಷ್ಟು?

ಅಮೆರಿಕದ 21 ಸಾವಿರಕ್ಕೂ ಹೆಚ್ಚು ಪುರುಷ ವೈದ್ಯರನ್ನು 12 ವರ್ಷ ಗಮನಿಸಿದ ಅಂಥದೊಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ತೀವ್ರ ಶ್ರಮದ ವೇಳೆ ಮತ್ತು ನಂತರದ ಅರ್ಧ ಗಂಟೆಯಲ್ಲಿ ಹಠಾತ್ ಸಾವಿನ ಸಂಭವ ಸುಮಾರು 17 ಪಟ್ಟು ಹೆಚ್ಚುತ್ತದೆ ಎಂದು ಕಂಡುಬಂತು. ಹೆದರಬೇಡಿ, ಲೆಕ್ಕದ ಇನ್ನೊಂದು ಮುಖ ನೋಡಿ. ಅಂಥ ಸಾವು ಸುಮಾರು 15 ಲಕ್ಷ ಸಲದ ಶ್ರಮಕ್ಕೆ ಒಂದು. ವಾರಕ್ಕೆ ಒಮ್ಮೆಯೂ ವ್ಯಾಯಾಮ ಮಾಡದವರಲ್ಲಿ ಈ ಏರಿಕೆ 74 ಪಟ್ಟಾದರೆ, ವಾರಕ್ಕೆ ಐದು ಅಥವಾ ಹೆಚ್ಚು ಸಲ ಮಾಡುವವರಲ್ಲಿ ಸುಮಾರು 11 ಪಟ್ಟು. ಎಂದರೆ, ಅಪಾಯ ಹೆಚ್ಚು ಇರುವುದು ಅಭ್ಯಾಸವಿಲ್ಲದ ದೇಹವನ್ನು ಒಮ್ಮೆಲೇ ಓಡಿಸಿದಾಗ.

ನೀವೇನು ಮಾಡಬಹುದು?

ಮೊದಲು ಕೆಲವು ವಾರ ಚುರುಕಾಗಿ ನಡೆಯಿರಿ. ಯಲಹಂಕ ಕೆರೆಯ ದಂಡೆಯಾದರೂ ಸರಿ, ನಿಮ್ಮ ಬಡಾವಣೆಯ ಪಾರ್ಕಾದರೂ ಸರಿ. ಬಳಿಕ ತೀವ್ರತೆಯನ್ನು ಹಂತಹಂತವಾಗಿ ಹೆಚ್ಚಿಸಿ. ಪ್ರತಿ ಸಲವೂ ಐದು ಹತ್ತು ನಿಮಿಷ ಮೈ ಬೆಚ್ಚಗಾಗಿಸಿಕೊಳ್ಳಿ. ಹೃದಯದ ರಕ್ತನಾಳಗಳು ಹಿಗ್ಗಲು ಸಮಯ ಬೇಕು. ಮುಗಿಸುವಾಗ ತಟ್ಟನೆ ನಿಲ್ಲಬೇಡಿ. ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುವುದು ನಿಂತು, ರಕ್ತ ಕಾಲಿನಲ್ಲೇ ಉಳಿದು ತಲೆಸುತ್ತು ಬರಬಹುದು. ನಿಧಾನವಾಗಿ ನಡೆಯುತ್ತಾ ಸುಧಾರಿಸಿಕೊಳ್ಳಿ.

ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು, ಧೂಮಪಾನಿಗಳು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದ್ರೋಗ ಬಂದವರು ಅತಿ ತೀವ್ರ ವ್ಯಾಯಾಮಕ್ಕಿಳಿಯುವ ಮುನ್ನ ವೈದ್ಯರನ್ನು ಕಾಣಬೇಕು. ಎದೆ ಬಿಗಿತ, ತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಕಣ್ಣು ಕತ್ತಲಿಡುವುದು ಕಂಡರೆ ಕೂಡಲೇ ನಿಲ್ಲಿಸಿ. ‘ಗ್ಯಾಸ್ ಇರಬೇಕು’ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಅಂದ ಹಾಗೆ, ಆ ರೈಲಿಗೆ ಹತ್ತು ನಿಮಿಷ ಮೊದಲೇ ಮನೆ ಬಿಡಿ. ಓಡುವ ಅಭ್ಯಾಸ ಬೇರೆ ಹೊತ್ತಿನಲ್ಲಿರಲಿ.