ಅಕ್ಕೋರು ತಟ್ಟಿದ ತಾಳ

ನಮ್ಮೂರಿನ ಹೆಸರಲ್ಲೇ ನವಿಲಿದೆ, ಆದರೆ ನಮ್ಮ ಮನೆಯಲ್ಲಿ ಕುಣಿಯುವಂತಿರಲಿಲ್ಲ. ಮಲಪ್ರಭೆಗೆ ಅಣೆಕಟ್ಟು ಕಟ್ಟಿರುವ ನವಿಲುತೀರ್ಥ ನನ್ನೂರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸವದತ್ತಿಯಲ್ಲಿ ಭರತನಾಟ್ಯ ಕ್ಲಾಸ್ ಶುರುವಾಯಿತು. ಪ್ರತಿ ರವಿವಾರ ಧಾರವಾಡದಿಂದ ಒಬ್ಬರು ಅಕ್ಕೋರು (ನಮ್ಮ ಕಡೆ ಟೀಚರಿಗೆ ಹಾಗೇ ಅನ್ನುವುದು) ಬರುತ್ತಿದ್ದರು. ನಾನೂ ಸೇರುತ್ತೇನೆ ಎಂದೆ. ಅಪ್ಪ, ಅವ್ವ ಹೂಂ ಅಂದರು. ಆಯಿ ಮಾತ್ರ ಊಟ ಬಿಟ್ಟು ಕೂತಳು. "ನಮ್ಮ ಮನ್ಯಾಗ ಹೆಣ್ಣ ಹುಡುಗಿ ಕಾಲಿಗೆ ಗೆಜ್ಜಿ ಕಟ್ಟೂದು ಬ್ಯಾಡ."

ಆಕೆಯ ಸಿಟ್ಟಿಗೆ ಕಾರಣವಿತ್ತು. ಹೊರಗಿನವರಿಗೆ ಸವದತ್ತಿ ಎಂದರೆ ಯಲ್ಲಮ್ಮನ ಜಾತ್ರೆ, ಭಂಡಾರ, ಉಧೋ ಉಧೋ. ಆಯಿಗೆ ಅದು ತನ್ನ ಓರಗೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ ನೆನಪೂ ಹೌದು. ಅದನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ ಬಂದದ್ದು 1982ರಲ್ಲಿ. ಅಷ್ಟೊತ್ತಿಗೆ ಆಯಿಗೆ ಮದುವೆಯಾಗಿ ಮಕ್ಕಳಾಗಿದ್ದವು.

ವಿಷಯ ತಿಳಿದ ಅಕ್ಕೋರು ಒಂದು ರವಿವಾರ ಕ್ಲಾಸ್ ಮುಗಿಸಿ ನಮ್ಮ ಮನೆಗೇ ಬಂದರು. ಅದು ಬೇರೆ, ಇದು ಬೇರೆ ಎಂದು ಜಾರಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. "ಆಯಿ, ಈ ಕುಣಿತಾ ನಮ್ಮ ತನಕಾ ಮುಟ್ಟಿಸಿದವರು ಅಂಥಾ ಹೆಣಮಕ್ಕಳರೀ. ಅನ್ಯಾಯ ಮಾಡಿದ್ದು ಮಂದಿ, ಗೆಜ್ಜಿ ಅಲ್ಲ" ಎಂದರು. ಆಮೇಲೆ ವೆಂಕಟಲಕ್ಷಮ್ಮನವರ ಕಥೆ ಹೇಳಿದರು. ಕಡೂರು ಕಡೆಯ ತಂಗಲಿ ತಾಂಡಾದ ಲಂಬಾಣಿ ಹುಡುಗಿ. ಎಂಟನೇ ವಯಸ್ಸಿಗೆ ಮೈಸೂರಿನ ಆಸ್ಥಾನ ನರ್ತಕಿ ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಸೇರಿ, ತಾನೂ ಆಸ್ಥಾನ ನರ್ತಕಿಯಾಗಿ, ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿದವರು. 1992ರಲ್ಲಿ ಪದ್ಮಭೂಷಣ ಬಂತು. ಆಯಿ ಪದ್ಮಭೂಷಣಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. "ತಾಂಡಾದ ಹುಡುಗಿ ಅಷ್ಟ ದೊಡ್ಡ ಸಾಲ್ಯಾಗ ಅಕ್ಕೋರಾದಳೇನು?" ಎಂದು ಎರಡು ಸಲ ಕೇಳಿದಳು. ಮುಂದಿನ ರವಿವಾರ ನನ್ನ ಕೈಗೆ ಬಸ್ ಚಾರ್ಜು ಇಟ್ಟದ್ದು ಆಯಿಯೇ.

ಅಕ್ಕೋರ ಕ್ಲಾಸಿನಲ್ಲಿ ಮಾತು ಕಡಿಮೆ. ಅವರು ಕೋಲಿನಿಂದ ಮಣೆ ತಟ್ಟುತ್ತಿದ್ದರು, ನಾವು ಅರೆಮಂಡಿಯಲ್ಲಿ ಕೂತು ತಟ್ಟಡವು ಹಾಕಬೇಕು. ಪ್ರತಿ ಅಡವಿಗೂ ಮೂರು ಕಾಲ. ಮೊದಲನೆಯದು ನಿಧಾನ, ಎರಡನೆಯದು ಅದರ ದುಪ್ಪಟ್ಟು, ಮೂರನೆಯದು ಅದಕ್ಕೂ ದುಪ್ಪಟ್ಟು ವೇಗ. ನಮಗೆಲ್ಲ ಮೂರನೇ ಕಾಲದ್ದೇ ಹುಚ್ಚು. ಅಕ್ಕೋರಿಗೆ ಮೊದಲನೇ ಕಾಲದ್ದು. ನಿಧಾನವಾಗಿ ಮಾಡುವಾಗ ತಪ್ಪು ಬಚ್ಚಿಡಲು ಜಾಗವೇ ಇರುವುದಿಲ್ಲ; ಮೊಣಕಾಲು ನಡುಗಿದ್ದು, ಮೊಣಕೈ ಇಳಿದದ್ದು ಎಲ್ಲ ಕಾಣುತ್ತದೆ. ತಪ್ಪಿದರೆ ಬೈಗುಳವಿಲ್ಲ, "ಮದಲಿಂದ" ಅಷ್ಟೇ. ಭಾರತ ಹುಣ್ಣಿಮೆಯ ವಾರ ಜಾತ್ರೆಯ ಬಸ್ಸಿನಲ್ಲಿ ನುಗ್ಗಿ, ದುಪಟ್ಟಾ ತುಂಬ ಭಂಡಾರ ಬಳಿದುಕೊಂಡು ತಡವಾಗಿ ಹೋದ ದಿನವೂ "ಮದಲಿಂದ".

ಜೂನಿಯರ್ ಪರೀಕ್ಷೆ ಪಾಸಾದೆ. ಆಮೇಲೆ ಪಿಯುಸಿ, ಸಿಇಟಿ ಅಂತ ಕ್ಲಾಸ್ ಬಿಟ್ಟೆ. ಅಕ್ಕೋರಿಗೆ ಒಂದು ಮಾತು ಹೇಳಲೂ ಇಲ್ಲ, ಸುಮ್ಮನೆ ಹೋಗುವುದನ್ನು ನಿಲ್ಲಿಸಿದೆ. ಈಗಲೂ ಅದು ಚುಚ್ಚುತ್ತದೆ.

ಬೆಳಗಾವಿಯಲ್ಲಿ ಬಿಇ ಸೇರಿದೆ. (ಡ್ಯಾಮಿನ ಊರಿನವಳು, ಸಿವಿಲ್ ತಗೊಂಡಿರಬೇಕು ಅನ್ನುವವರಿಗೆ: ಹೌದು, ಸಿವಿಲ್ಲೇ.) ಮೂರನೇ ಸೆಮಿಸ್ಟರಿನಲ್ಲಿ ಗಣಿತ ಬ್ಯಾಕ್ ಆಯಿತು. ಎರಡು ದಿನ ಹಾಸ್ಟೆಲಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಮತ್ತೆ ಪುಸ್ತಕ ತೆರೆದಾಗ, ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರ ನೋಡಿ ಸರಸರ ಬರೆಯುವುದನ್ನೇ ಓದು ಅಂದುಕೊಂಡಿದ್ದೆ ಎಂಬುದು ಹೊಳೆಯಿತು. ಸೀದಾ ಮೂರನೇ ಕಾಲ! ಈ ಸಲ ಉತ್ತರ ಮುಚ್ಚಿಟ್ಟು, ಪ್ರತಿ ಸಾಲು ಯಾಕೆ ಬಂತು ಎಂದು ಪಕ್ಕದಲ್ಲಿ ಬರೆಯುತ್ತಾ ಹೋದೆ. ದಿನಕ್ಕೆ ನಾಲ್ಕೇ ಲೆಕ್ಕ. ಗಡಿಯಾರ ಎದುರಿಗಿಟ್ಟುಕೊಂಡದ್ದು ಕೊನೆಯ ವಾರ ಮಾತ್ರ. ಪಾಸಾದೆ. ಡಿಸ್ಟಿಂಕ್ಷನ್ ಏನಲ್ಲ, 52.

ರಿಸಲ್ಟ್ ಬಂದ ಸಂಜೆ ಅಕ್ಕೋರಿಗೆ ಫೋನ್ ಮಾಡಿದೆ, ನಾಲ್ಕು ವರ್ಷದ ಮೇಲೆ. ತಪ್ಪಾಯಿತು ಎನ್ನಲು ಮಾತು ಜೋಡಿಸಿಕೊಂಡಿದ್ದೆ, ಹೇಳಲು ಬಿಡಲಿಲ್ಲ. "ವಿಡಿಯೊ ಹಚ್ಚು. ಅರೆಮಂಡಿ ಕೂಡು, ನೋಡೂಣು" ಎಂದರು. ರೂಮ್‌ಮೇಟ್ ಫೋನ್ ಹಿಡಿದಳು. ಕಾರಿಡಾರಿನಲ್ಲಿ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಕೂತೆ. ಅರ್ಧ ನಿಮಿಷಕ್ಕೇ ತೊಡೆ ನಡುಗಿ ಎದ್ದು ನಿಂತೆ. ಆ ಕಡೆಯಿಂದ ಮಣೆ ತಟ್ಟಿದ ಸದ್ದು ಕೇಳಿಸಿತು.

"ಮದಲಿಂದ" ಎಂದರು.